ಪಡುತಿಟ್ಟಿನ ನಮ್ಮ ಮಾಂಯ್

ನನ್ನ ಅತ್ತೆ ಹುಟ್ಟಿ ಬೆಳೆದದ್ದು ಮೆಕ್ಸಿಕೋದ ಒಂದು ಬಂದರಿನಲ್ಲಿ. ಮಂಗಳೂರಿನವರಾದ ಮಾವ ಆಗ ಸರಕು ಹಡಗಿನಲ್ಲಿ ಕೆಲಸಕ್ಕಿದ್ದರು. ಹಡಗು ರಿಪೇರಿಗೆಂದು ಅಲ್ಲಿ ವಾರಗಟ್ಟಲೆ ನಿಂತಾಗ, ಹರಿದ ಅಂಗಿ ಹೊಲಿಸಲು ಹೋದ ಅಂಗಡಿಯಲ್ಲಿ ಅತ್ತೆಯನ್ನು ಕಂಡರಂತೆ. ಆಮೇಲೆ ಅವರ ಹೊಸ ಅಂಗಿಗಳೂ ಹರಿಯತೊಡಗಿದವು ಎಂದು ಮನೆಯಲ್ಲೊಂದು ತಮಾಷೆ. ಮದುವೆಯಾದ ಮೇಲೆ ಮಾವ ಹಡಗು ಬಿಟ್ಟು ಕತಾರಿನಲ್ಲಿ ಕೆಲಸ ಹಿಡಿದರು. ದೋಹಾದ ಅಲ್ ಮನ್ಸೂರಾದಲ್ಲಿ ಸಣ್ಣ ಮನೆ. ಜೊತೆಗಿರಲು ಬಂದ ಮಾವನ ತಾಯಿಯಿಂದ ಅತ್ತೆ ಕೊಂಕಣಿ ಕಲಿತರು, ಕೆಳಮನೆಯ ಉಡುಪಿಯ ಹೆಂಗಸಿನಿಂದ ಕನ್ನಡ.

ಮಕ್ಕಳು ಮೂವರೂ ಇನ್ನೂ ಶಾಲೆಯಲ್ಲಿರುವಾಗಲೇ ಮಾವನ ಬೆನ್ನು ಕೈಕೊಟ್ಟಿತು. ಭಾರದ ಕೆಲಸ ಆಗದು ಎಂದರು ಡಾಕ್ಟರು. ಅತ್ತೆ ಅಳುತ್ತ ಕೂರಲಿಲ್ಲ. ಹಳೆಯ ಹೊಲಿಗೆ ಮೆಷಿನ್ ಒಂದನ್ನು ಕಿಟಕಿಯ ಪಕ್ಕ ಇಟ್ಟುಕೊಂಡರು. ಶಾಲೆಯ ಯೂನಿಫಾರ್ಮು, ಫಿಲಿಪಿನೊ ಹುಡುಗಿಯರ ಮದುವೆಯ ಗೌನು, ಅಕ್ಕಪಕ್ಕದವರ ಪರದೆ, ಬಂದದ್ದನ್ನೆಲ್ಲ ಹೊಲಿದರು. ಕಾಲು ಮೆಷಿನ್ನಿನ ಮೇಲೆ, ಕಿವಿ ಕುಕ್ಕರಿನ ಸೀಟಿಯ ಮೇಲೆ. ಹೀಗೆಯೇ ಮೂವರನ್ನೂ ಓದಿಸಿದರು. ಬೆನ್ನುನೋವಿನ ಗಂಡನನ್ನು ಸಂಜೆ ಕೈಹಿಡಿದು ನಡೆಸುತ್ತಿದ್ದರು.

ನಾನು ಅವರ ಹಿರಿಮಗನನ್ನು ಕಂಡದ್ದು ದೋಹಾದ ಆಫೀಸಿನಲ್ಲಿ. ನಮ್ಮದು ಪುತ್ತೂರಿನ ತುಳು ಮನೆ, ಅವರು ಕ್ರಿಶ್ಚಿಯನ್ನರು, ಹುಡುಗನ ತಾಯಿ ಮೆಕ್ಸಿಕೋದವರು. ಮದುವೆಯಾಗುತ್ತೇವೆ ಎಂದಾಗ ಅಪ್ಪ ಫೋನಿನಲ್ಲಿ ಮಾತೇ ಬಿಟ್ಟರು. ವಿಷಯ ತಿಳಿದ ಅತ್ತೆ ಮಗನನ್ನೂ ಕರೆದುಕೊಳ್ಳದೆ ಮಂಗಳೂರಿನ ವಿಮಾನ ಹತ್ತಿ, ಅಲ್ಲಿಂದ ಬಸ್ಸಿನಲ್ಲಿ ನಮ್ಮ ಮನೆಗೆ ಹೋದರು. ಬರುವ ಸುದ್ದಿ ತಿಳಿದು, ಅವರೊಡನೆ ಇಂಗ್ಲಿಷ್ ಮಾತಾಡಲಿ ಎಂದು ಅಪ್ಪ ಪಕ್ಕದ ಮನೆಯ ಮೇಷ್ಟ್ರನ್ನು ಕರೆಸಿ ಕೂರಿಸಿದ್ದರು. ಅತ್ತೆ ಚಪ್ಪಲಿ ಬಿಟ್ಟು ಒಳಬಂದು, "ಸೆಖೆ ಉಂಟಲ್ಲ ಮಾರಾಯ್ರೆ, ಒಂದು ಲೋಟ ನೀರು ಕೊಡ್ತೀರಾ?" ಎಂದಾಗ ಮೇಷ್ಟ್ರು ನಗು ತಡೆಯಲಾರದೆ ಎದ್ದು ಹೊರಗೆ ಹೋದರಂತೆ.

ಅಪ್ಪ ಮಾತ್ರ ಗಂಭೀರವಾಗಿಯೇ ಕೇಳಿದರು, "ನಮ್ಮ ಹುಡುಗಿ ನಿಮ್ಮಲ್ಲಿ ಹೊಂದಿಕೊಳ್ತಾಳಾ?"

"ಅವಳಿಗೆ ಎಂತ ಕಷ್ಟ? ನಾನು ಬರುವಾಗ ಒಂದು ಶಬ್ದ ಗೊತ್ತಿರಲಿಲ್ಲ. ನನ್ನ ಅತ್ತೆ ಪಕ್ಕ ಕೂರಿಸಿ ಮೀನು ತಿಕ್ಕಲು ಕಲಿಸಿದ್ರು. ನಾನೂ ಹಾಗೇ ಪಕ್ಕ ಕೂರಿಸ್ತೇನೆ. ಮೀನು ತಿನ್ನದಿದ್ರೆ ಬೇಡ, ಬದನೆ ಹೆಚ್ಚಲಿ."

ಆ ವರ್ಷವೇ ಮದುವೆಯಾಯಿತು. ಕೊಂಕಣಿಯಲ್ಲಿ ಅತ್ತೆಗೆ ಮಾಂಯ್ ಎನ್ನುತ್ತಾರೆ. ನಾನೂ ಹಾಗೇ ಕರೆದೆ. ಹೇಳಿದ ಮಾತಿಗೆ ತಪ್ಪದೆ ಅವರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು.

ಮಗಳು ಹುಟ್ಟಿ ಶಾಲೆಗೆ ಹೋಗತೊಡಗಿದ ಮೇಲೆ ನಾವು ದೋಹಾದ ಹೊರಗೆ ಉಮ್ಮ್ ಸಲಾಲ್‌ನ ದೊಡ್ಡ ಮನೆಗೆ ಬಂದೆವು. ಆ ಚಳಿಗಾಲದಲ್ಲಿ ಇಲ್ಲಿನ ಕನ್ನಡದವರು ಮಕ್ಕಳ ಯಕ್ಷಗಾನ ಇಟ್ಟುಕೊಂಡಿದ್ದರು. ನನ್ನ ಮಗಳು ಅಭಿಮನ್ಯು. ಊರಿನಿಂದ ಬರಬೇಕಿದ್ದ ವೇಷದ ಪೆಟ್ಟಿಗೆ ಕಾರ್ಗೋದಲ್ಲಿ ಸಿಕ್ಕಿಬಿತ್ತು. ಕಿರೀಟವನ್ನು ಯಾರೋ ರಟ್ಟಿನಲ್ಲಿ ಮಾಡುವೆನೆಂದರು, ಬಟ್ಟೆಗೆ ದಿಕ್ಕಿರಲಿಲ್ಲ. ಮಾಂಯ್ ನನ್ನ ಮೊಬೈಲಿನಲ್ಲಿ ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದರು.

"ಈ ರಾಜನಿಗೆ ಸೊಂಟ ಎಲ್ಲಿ ಉಂಟು?"

"ಒಳಗೆ ಬಟ್ಟೆ ಸುತ್ತಿ ದಪ್ಪ ಮಾಡ್ತಾರೆ ಮಾಂಯ್."

"ಒಳ್ಳೇದು. ತೆಳ್ಳಗಿನ ರಾಜನಿಗೆ ಯಾರು ಹೆದರ್ತಾರೆ? ಯಲ್ಲಾ, ಏಳು, ಬಟ್ಟೆ ತರುವ."

ಮನೆಯಿಡೀ ಕೆಂಪು, ಹಸಿರು ಬಟ್ಟೆಯ ರಾಶಿ. ಅಂಚಿಗೆ ಏನು ಹಾಕುವುದೆಂದು ತೋಚದಾಗ, ತಮ್ಮ ಊರಿನಲ್ಲಿ ಹಬ್ಬಕ್ಕೆ ಕುಣಿಯುವ ಹುಡುಗಿಯರ ಲಂಗದಂತೆ ಸಾಲು ಸಾಲಾಗಿ ಬಣ್ಣದ ರಿಬ್ಬನ್ ಹೊಲಿದುಬಿಟ್ಟರು. ಜನ ನಗುವರೇನೋ ಎಂದು ನಾನು ಹಿಂದಿನ ಸಾಲಿನಲ್ಲಿ ಕೂತೆ. ಆದರೆ ಮಗಳು ರಂಗಕ್ಕೆ ಬಂದು ಗಿರ್ರನೆ ತಿರುಗಿದಾಗ ರಿಬ್ಬನ್ನುಗಳೆಲ್ಲ ಒಮ್ಮೆಗೇ ಅರಳಿದವು, ಸಭೆ ಹೋ ಎಂದಿತು.

ಆಟ ಮುಗಿದ ಮೇಲೆ ಕುಂದಾಪುರದ ಹಿರಿಯರೊಬ್ಬರು ಬಂದರು. ಯಕ್ಷಗಾನದಲ್ಲಿ ತೆಂಕಣದ್ದು ಒಂದು ತಿಟ್ಟು, ಬಡಗಣದ್ದು ಒಂದು. ವೇಷ ನೋಡಿಯೇ ಯಾವುದೆಂದು ಹೇಳಬಲ್ಲವರು ಅವರು.

"ಇದು ಯಾವ ತಿಟ್ಟು ಅಮ್ಮ? ತೆಂಕೂ ಅಲ್ಲ, ಬಡಗೂ ಅಲ್ಲ."

ಮಾಂಯ್ ಮೊಮ್ಮಗಳ ರಿಬ್ಬನ್ ಸರಿಪಡಿಸುತ್ತಲೇ ಹೇಳಿದರು, "ಸಮುದ್ರದ ಆಚೆಯಿಂದ ಬಂದದ್ದಲ್ವಾ? ಪಡುತಿಟ್ಟು."

ಆ ಹಿರಿಯರು ನಕ್ಕು ನಕ್ಕು ಕೈಮುಗಿದರು. ಮುಂದೆ ಪೆಟ್ಟಿಗೆ ಸರಿಯಾಗಿ ಬಂದ ವರ್ಷಗಳಲ್ಲೂ ಒಂದು ವೇಷ ಮಾಂಯ್ ಕೈಯದೇ ಇರಬೇಕೆಂದು ಮಕ್ಕಳು ಹಟ ಹಿಡಿಯುತ್ತಿದ್ದರು.

ಮಾವ ತೀರಿಕೊಂಡ ಮೇಲೆ ನಾವೆಲ್ಲ ಸೇರಿ ಅವರನ್ನು ಮೆಕ್ಸಿಕೋಗೆ ಕಳಿಸಿದೆವು, ಬೇಕಾದಷ್ಟು ದಿನ ಇದ್ದು ಬನ್ನಿ ಎಂದು. ಅಂದುಕೊಂಡದ್ದಕ್ಕಿಂತ ಬೇಗ ಬಂದುಬಿಟ್ಟರು. ಏನಾಯಿತೆಂದು ಗಾಬರಿಯಿಂದ ಕೇಳಿದೆ.

"ಎಂತ ಇಲ್ಲ. ತಂಗಿ ನನ್ನನ್ನು ಕೂರಿಸಿ ಕೂರಿಸಿ ತಿನ್ನಿಸಿದಳು. ಒಂದು ಪಾತ್ರೆ ಮುಟ್ಲಿಕ್ಕೆ ಬಿಡ್ಲಿಲ್ಲ. ನೆಂಟರ ಹಾಗೆ ಎಷ್ಟು ದಿನ ಇರುದು? ಸಾಕಾಯ್ತು. ಖಲಾಸ್." ಬ್ಯಾಗನ್ನೂ ಬಿಚ್ಚದೆ ಅಡುಗೆಮನೆಗೆ ಹೋಗಿ, ಫ್ರಿಜ್ ತೆರೆದು, "ಇದೆಲ್ಲ ಯಾವಾಗಿಂದು?" ಎಂದು ಬೈಯತೊಡಗಿದರು. ಆ ಬೈಗಳು ಕೇಳಿ ನನ್ನ ಗಂಡನ ಮುಖ ಎಷ್ಟೋ ದಿನಗಳ ನಂತರ ಅರಳಿತು.

ಅವರು ಹೋದದ್ದು ಕಳೆದ ವರ್ಷ, ಒಂದು ಶುಕ್ರವಾರ, ಎಲ್ಲರೂ ಉಂಡು ಹರಟುತ್ತಿದ್ದಾಗ, ಒರಗಿದ ಕುರ್ಚಿಯಲ್ಲೇ. ಮಂಗಳೂರಿನಲ್ಲಿ ಮಾವನ ಪಕ್ಕದಲ್ಲಿ ಮಣ್ಣು ಮಾಡಿದೆವು. ನನ್ನ ಅಪ್ಪ, ಕೋಲೂರಿಕೊಂಡೇ ಬಂದು, ಕೊನೆಯವರೆಗೂ ನಿಂತಿದ್ದರು.

ಈಗಲೂ ಶುಕ್ರವಾರ ನಾದಿನಿ ಅಲ್ ಖೋರ್‌ನಿಂದ ಮಕ್ಕಳ ಸಮೇತ ಬರುತ್ತಾಳೆ, ಮೈದುನನೂ ಬರುತ್ತಾನೆ. ನಾನು ಮಾಂಯ್ ಕಲಿಸಿದಂತೆ ಅವರ ಊರಿನ ಕಪ್ಪು ಬೀನ್ಸ್ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ನೀರುದೋಸೆಯ ಜೊತೆ ಬಡಿಸುತ್ತೇನೆ. ಕೊಂಕಣಿ, ಇಂಗ್ಲಿಷ್, ಕನ್ನಡ ಎಲ್ಲ ಕಲಸಿದ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ದೋಸೆ ಮಾತ್ರ ಹುಯ್ದಷ್ಟೂ ಸಾಲದು.