ಅಂಚಿನ ಅಳತೆ

ನನ್ನ ಬೀಗರು ನನಗೆ ಆ ಮಾತನ್ನಂದದ್ದು ಭಾಲ್ಕಿಯ ಒಂದು ಮದುವೆ ಊಟದಲ್ಲಿ, ಹುಗ್ಗಿ ಬಡಿಸುವ ಹೊತ್ತಿಗೆ. ನನ್ನ ಎಡಬಲಕ್ಕೆ ಯಾರು ಕುಳಿತಿದ್ದರು, ಯಾರು ನಕ್ಕರು, ಯಾರು ನಗು ತಡೆದು ಎಲೆಯತ್ತ ನೋಡಿದರು ಎಂಬುದನ್ನು ಈಗಲೂ ಹೇಳಬಲ್ಲೆ.

“ನಮ್ಮ ಬೀಗರ ಮಾತು ಭಾಳ ದಪ್ಪ ನೋಡ್ರಿ,” ಎಂದರು ಅವರು. “ಅವರು ಕೊಟ್ಟ ಪೇಪರ್ ಮಾತ್ರ ಉಳ್ಳಾಗಡ್ಡಿ ಸಿಪ್ಪಿ.”

ಬೀಗರು ಬೀಗರನ್ನು ಕೆಣಕುವುದು ನಮ್ಮ ಕಡೆಯ ರೂಢಿ. ಆದರೆ ಇದು ಚೇಷ್ಟೆಯ ವೇಷ ತೊಟ್ಟ ಆರೋಪವಾಗಿತ್ತು.

ಪೇಪರ್ ಎಂದರೆ ಕಾಗದವಲ್ಲ. ಕಲ್ಲಂಗಡಿಯ ಸಾಲುಗಳ ಮೇಲೆ ಕಳೆ ಬಾರದಂತೆ ಹಾಸುವ ಕರಿ ಪ್ಲಾಸ್ಟಿಕ್ ಹಾಳೆ. ನೌಬಾದದ ಒಂದು ಸಣ್ಣ ಕಾರ್ಖಾನೆಯಲ್ಲಿ ಅದು ತಯಾರಾಗುತ್ತದೆ. ಅದರ ದಪ್ಪ ಪರೀಕ್ಷಿಸಿ ಒಪ್ಪಿಗೆ ಕೊಡುವುದು, ಈ ವಯಸ್ಸಿನಲ್ಲೂ, ನನ್ನ ಕೆಲಸ. ಔರಾದ ತಾಲ್ಲೂಕಿನ ಚಿಂತಾಕಿಗೆ ಕೊಟ್ಟ ನನ್ನ ಮಗಳು ಈ ಸಲ ಅತ್ತೆಮನೆಯವರು ಪೇಪರ್ ಕೊಳ್ಳುತ್ತಿದ್ದ ಹಳೆಯ ಅಂಗಡಿಯನ್ನು ಬಿಡಿಸಿ, “ನಮ್ಮ ಅಪ್ಪ ಅಳದು ಕೊಡ್ತಾರ” ಎಂದು ನಮ್ಮ ಪೇಪರನ್ನು ಒಯ್ಯಿಸಿದ್ದಳು. ಆ ಮನೆಯಲ್ಲಿ ಅವಳ ಮಾತು ಮೊದಲ ಬಾರಿಗೆ ನಡೆದದ್ದು ಅದು. ಬಳ್ಳಿ ಹಬ್ಬುವ ಮೊದಲೇ ಪೇಪರ್ ಹರಿಯಿತು. ಕಾರಣ ಕೇಳಿದಾಗ ಅವಳು ಫೋನಿನಲ್ಲಿ, “ಹಾಸೂ ಮುಂದ ನಾನೇ ಜಾಸ್ತಿ ಎಳದಿದ್ದೆ, ಅಪ್ಪಾ,” ಎಂದಳು. ನಾನು ತಕ್ಷಣ ನಂಬಿದೆ. ಆ ಉತ್ತರ ನನಗೆ ಅಷ್ಟು ಅನುಕೂಲವಾಗಿತ್ತು.

ಮದುವೆಯ ಮರುದಿನವೇ ದಪ್ಪ ಅಳೆಯುವ ಮೈಕ್ರೋಮೀಟರನ್ನು ಜೇಬಿಗಿಟ್ಟುಕೊಂಡು ಚಿಂತಾಕಿಯ ಬಸ್ಸು ಹತ್ತಿದೆ. ನಾಲ್ಕು ಜನರ ಮುಂದೆ ಅಂದ ಮಾತಿಗೆ ನಾಲ್ಕು ಜನರ ಮುಂದೆಯೇ ಉತ್ತರ ಕೊಡಬೇಕೆಂಬುದು ನನ್ನ ಹಟ.

ಹೊಲದಲ್ಲಿ ಬೀಗರು, ಬೀಗಿತಿ, ಮಗಳು, ಪಕ್ಕದ ಹೊಲದವರು ಇಬ್ಬರು. “ಶರಣ್ರಿ ಬೀಗರ, ಊಟಕ್ಕ ಬಂದೀರೋ ಜಗಳಕ್ಕ ಬಂದೀರೋ?” ಎಂದರು ಬೀಗರು. ನಾನು ಬಾಗಿ, ಹಾಳೆಯ ಅಂಚನ್ನು ಮಣ್ಣಿನಿಂದ ಬಿಡಿಸಿ ಅಳೆದೆ. ಇಪ್ಪತ್ತೈದು ಮೈಕ್ರಾನ್, ಹೇಳಿದಷ್ಟೇ. ಎಲ್ಲರಿಗೂ ತೋರಿಸಿದೆ. ಬಳಿಕ ಮಗಳ ಕಡೆ ತಿರುಗಿ, ಅವಳ ಅತ್ತೆ ಮಾವಂದಿರ ಎದುರಿಗೇ ಗದರಿದೆ: “ಎಳದ್ರ ತೆಳ್ಳಗಾಗತದ ಅಂತ ಸಣ್ಣಾಕಿದ್ದಾಗಿಂದ ಹೇಳೀನಿ. ನಿನ್ನ ಕೈ ತಪ್ಪಿಗಿ ನನ್ನ ಮಾನ ಹೋಗಬೇಕೇನು?”

ಅವಳು ತಲೆ ತಗ್ಗಿಸಿದಳು.

“ಬೀಗರ,” ಎಂದರು ಬೀಗಿತಿ, “ಹರದದ್ದು ನಡುವಿಗಿ. ನೀವು ಅಂಚಿಗಿ ಯಾಕ ಅಳೀತೀರಿ?”

ನಮ್ಮ ಮೈಕ್ರೋಮೀಟರಿನ ಬಾಯಿ ಚಿಕ್ಕದು. ಸುತ್ತಿಟ್ಟ ಹಾಳೆಯ ಅಂಚಿನಿಂದ ನಾಲ್ಕು ಬೆರಳು ಒಳಕ್ಕೆ ಹೋದರೆ ಹೆಚ್ಚು. ನಡುವಿನ ದಪ್ಪ ತಿಳಿಯಬೇಕಾದರೆ ಇಡೀ ಅಗಲಕ್ಕೆ ಒಂದು ಪಟ್ಟಿ ಕತ್ತರಿಸಬೇಕು. ಹಿಂದೆ ನಾನು ಹಾಗೆಯೇ ಮಾಡುತ್ತಿದ್ದೆ. ಒಂದು ದಿನ ಮಾಲೀಕ ಕೆಲಸಗಾರರ ನಡುವೆ ನಿಂತು, ನನ್ನತ್ತ ಕೈ ತೋರಿಸಿ, “ಮುತ್ಯಾ ಕತ್ತರಿಸಿ ಕತ್ತರಿಸಿ ನಮ್ಮ ಕಾರ್ಖಾನಿನೇ ಗುಜರಿಗಿ ಹಾಕ್ತಾನ,” ಎಂದು ನಗಿಸಿದ. ಅಂದಿನಿಂದ ಕತ್ತರಿ ಮುಟ್ಟಲಿಲ್ಲ. ನನ್ನ ನಿಷ್ಠೆಗೆ ಬೆಲೆಯಿಲ್ಲದಿದ್ದರೆ ಅಂಚೇ ಸಾಕು ಎಂದುಕೊಂಡೆ. ಉರುಳೆಯ ತೂಕ ಸರಿಬರುತ್ತಿತ್ತು, ಅಂಚೂ ಸರಿಬರುತ್ತಿತ್ತು, ಒಪ್ಪಿಗೆ ಕೊಡುತ್ತಿದ್ದೆ.

ಈಗ ಹರಿದ ಕಡೆಯಲ್ಲಿ ಒಂದು ಪಟ್ಟಿ ಕತ್ತರಿಸಿ ಅಂಚಿನಿಂದ ನಡುವಿನತ್ತ ಅಳೆಯುತ್ತ ಹೋದೆ. ಅಂಕಿ ಇಳಿಯುತ್ತ ಹೋಯಿತು. ಸಸಿ ನೆಡಲು ತೂತು ಹೊಡೆದ ನಡುಗೆರೆಯಲ್ಲಿ ಹದಿನಾರಕ್ಕೆ ನಿಂತಿತು. ಕಾರ್ಖಾನೆಯಲ್ಲಿ ಕರಗಿದ ಪ್ಲಾಸ್ಟಿಕ್ ಒಂದು ಉಂಗುರದ ಸಂದಿಯಿಂದ ಹೊರಬಂದು, ಗಾಳಿ ತುಂಬಿ, ಎತ್ತರದ ಗುಳ್ಳೆಯಾಗಿ ಏರುತ್ತದೆ. ಮೇಲೆ ಚಪ್ಪಟೆಯಾಗಿ ಒಂದು ಕಡೆ ಸೀಳಿಸಿಕೊಂಡು ಹಾಳೆಯಾಗುತ್ತದೆ. ಉಂಗುರದ ಸಂದಿ ಒಂದು ಮಗ್ಗುಲಿಗೆ ಕಿರಿದಾದರೆ ಗುಳ್ಳೆಯ ಆ ಮಗ್ಗುಲು ತೆಳು, ಎದುರಿನದು ದಪ್ಪ. ಸೀಳುವುದು ದಪ್ಪ ಮಗ್ಗುಲಲ್ಲಾದರೆ ಎರಡೂ ಅಂಚು ಗಟ್ಟಿ, ನಡು ಸಿಪ್ಪೆ. ಒಂದು ತೂತಿನಿಂದ ಇನ್ನೊಂದಕ್ಕೆ ಹರುಕು ಓಡಿದ್ದು ಅದೇ ಗೆರೆಯಲ್ಲಿ.

ಕೊನೆಯದಾಗಿ ಹಾಳೆಯ ಅಗಲ ನೋಡಿದೆ. ಬಿಗಿಯಾಗಿ ಎಳೆದ ಪ್ಲಾಸ್ಟಿಕ್ ಉದ್ದವಾಗುತ್ತ ಅಗಲದಲ್ಲಿ ಕುಗ್ಗುತ್ತದೆ. ಇದು ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ನನ್ನ ಮಗಳು ಅದನ್ನು ಎಳೆದೇ ಇರಲಿಲ್ಲ.

ಬಾಗಿದವನಿಗೆ ಏಳಲು ಮನಸ್ಸಾಗಲಿಲ್ಲ. ಕಡೆಗೆ ಎದ್ದು, “ತಪ್ಪು ಪೇಪರಿನದದರಿ. ನನ್ನದದ. ಅಕಿದಲ್ಲ,” ಎಂದೆ.

ಬೀಗರು ನಗುತ್ತಾರೆಂದು ಕಾದೆ. ನಕ್ಕಿದ್ದರೆ ಒಳ್ಳೆಯದಿತ್ತು, ಅದನ್ನಾದರೂ ನೆನಪಿಟ್ಟುಕೊಳ್ಳುತ್ತಿದ್ದೆ. ಅವರು ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡು ಮೆಲ್ಲಗೆ ಹೇಳಿದರು:

“ಅದು ನಮಗ ಗೊತ್ತದರಿ. ಹಾಸೂ ಮುಂದ ಪೇಪರ್ ಹಿಡದಾಂವ ನನ್ನ ಮಗ, ಅಕಿ ಮಣ್ಣ ಹಾಕತಿದ್ಳು. ಅಪ್ಪನ ಮಾನಕ್ಕಂತ ಹೇಳತಾಳ, ಹೇಳ್ಲಿ ಅಂತ ಸುಮ್ಮಿದ್ವಿ. ಊಟದಾಗ ನನ್ನ ನಾಲಿಗಿ ಜಾರಿತು.”

ಅಂದರೆ ಇಡೀ ಮನೆ ನನ್ನ ಮಾನವನ್ನು ಕಾಯುತ್ತಿತ್ತು. ಇಷ್ಟು ವರ್ಷ ಪರರ ಒಂದೊಂದು ಮಾತನ್ನೂ ಜೋಪಾನ ಮಾಡಿದ ನಾನು, ನನ್ನ ಬಗ್ಗೆ ಇವರು ಆಡದೆ ಬಿಟ್ಟ ಮಾತನ್ನು ಗಮನಿಸಿರಲೇ ಇಲ್ಲ. ಆ ಮೌನವನ್ನು ಒಡೆಯಲು ಬಸ್ಸು ಹತ್ತಿ ಬಂದಿದ್ದೆ. ಅದನ್ನು ಕಟ್ಟಿದವಳನ್ನೇ ಎಲ್ಲರೆದುರು ಗದರಿದ್ದೆ.

“ನಡೀರಿ, ರೊಟ್ಟಿ ಆರತಾವ,” ಎಂದು ಬೀಗಿತಿ ಎಲ್ಲರನ್ನೂ ಎಬ್ಬಿಸಿಕೊಂಡು ಹೋದರು. ಮಗಳು ಹೋಗಲಿಲ್ಲ. ಹಾಳೆ ಗಾಳಿಗೆ ಏಳದಂತೆ ಹರುಕಿನ ಉದ್ದಕ್ಕೂ ಹಿಡಿ ಹಿಡಿ ಮಣ್ಣು ಹಾಕುತ್ತ ಸಾಲು ಹಿಡಿದಳು. ನಾನು ಎದುರಿನ ಮಗ್ಗುಲಿಗೆ ಕುಕ್ಕರಗಾಲಿನಲ್ಲಿ ಕುಳಿತು ಅದನ್ನೇ ಮಾಡತೊಡಗಿದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ನನ್ನಲ್ಲಿದ್ದ ಮಾತುಗಳೆಲ್ಲ ದೂರಿನವಾಗಿದ್ದವು.

ಅರ್ಧ ಸಾಲು ಮುಗಿದಾಗ ಅವಳು ಮುಖವೆತ್ತದೆ ಅಂದಳು:

“ಅಷ್ಟ ಮಣ್ಣ ಹಾಕಬ್ಯಾಡ್ರಿ ಅಪ್ಪಾ. ಬಳ್ಳಿ ಕುಡಿ ಮುಚ್ಚತಾವ.”

ನಾನು ಕೈಯ ಮಣ್ಣನ್ನು ಅರ್ಧ ಕೆಳಗೆ ಬಿಟ್ಟೆ.