ಕಸ ಯಾರ ಕಟ್ಟೆ ಕೆಳಗೆ?

ಗೆಳೆಯರೇ, ಇವತ್ತು ಮುಂಜಾನೆ ಬೆಟಗೇರಿಯ ನಮ್ಮ ಓಣಿಯ ಗಟಾರ ಕಟ್ಟಿಕೊಂಡು, ಹುಸೇನಸಾಬರ ಹೊಸ್ತಿಲಿಗೇ ಹೊಲಸು ನೀರು ಬಂತು. ಮಧ್ಯಾಹ್ನ ಅವರ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಗಟಾರದ ಮೇಲೆ ಓಣಿಯವರೆಲ್ಲ ಫರ್ಸಿ ಕಲ್ಲು ಹಾಸಿ ಕಟ್ಟೆ ಮಾಡಿಕೊಂಡಿದ್ದೇವೆ; ಒಡೆಯಲು ಯಾರೂ ತಯಾರಿಲ್ಲ.

“ನನ್ನ ಕಟ್ಟಿ ಕೆಳಗ ಕನ್ನಡಿ ಇದ್ದಂಗ ಐತಿ!” ಎಂದ, ತನ್ನ ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂತಿದ್ದ ನಮ್ಮ ಪಕ್ಕದ ಮನೆಯ ಚನ್ನಪ್ಪಣ್ಣ.

ನಾನು ಬಟ್ಟೆ ಅಳೆದು ಮಾರುವವ. ಹೊಲಕ್ಕೆ ನೀರು ಹಾಯಿಸುವ ಉದ್ದನೆಯ ಪೈಪು ತಂದೆ. “ಇದು ಒಳಗ ಎಲ್ಲಿ ನಿಲ್ಲತೈತೋ ಅಲ್ಲೇ ಒಡಿಯೋಣ. ಒಪ್ಪಿಗಿ ಏನ್ರಿ?”

“ಒಪ್ಪಿಗಿ!” ಚನ್ನಪ್ಪಣ್ಣನದೇ ದೊಡ್ಡ ದನಿ.

ಹುಸೇನಸಾಬರ ಹೊಸ್ತಿಲ ಬಳಿಯಿಂದ ಗಟಾರದೊಳಗೆ ಪೈಪು ತೂರಿಸಿದೆ; ಅದು ನಿಂತಾಗ ಒಳಗೆ ಹೋದಷ್ಟನ್ನೇ ಹೊರಗೆಳೆದು, ಅಲ್ಲಿಂದಲೇ ಕಟ್ಟೆಗಳ ಮೇಲೆ ಹಾಸಿದೆ. ತುದಿ ಹೋಗಿ ಚನ್ನಪ್ಪಣ್ಣನ ಕುರ್ಚಿ ಕಾಲಿಗೆ ತಾಗಿತು. ಫರ್ಸಿ ಎತ್ತಿದರೆ ಅವನದೇ ಮಗ್ಗದ ನೂಲಿನ ಉಂಡೆ.

ಗಂಡಿನವರು ಒಣ ಹೊಸ್ತಿಲು ದಾಟಿ ಬಂದರು. ಈಗಲೂ ಎಲ್ಲರ ಕಟ್ಟೆ ಕೆಳಗೂ ಕನ್ನಡಿಯೇ ಇದೆಯಂತೆ; ಪೈಪು ಮಾತ್ರ ತರಬಾರದಂತೆ.