ಮಧುನಾಶಿನಿ ಮೂಟೆಯೊಂದಿಗೆ ಚಿಂತಾಮಣಿಗೆ

ಸುಮಾ, ಮಂಜು, ನಿಮ್ಮ ತಾತನ ಜೊತೆ ನಾನು ಚಿಂತಾಮಣಿಗೆ ಹೋಗಿಬಂದದ್ದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಐವತ್ತರ ದಶಕದ ಕೊನೆಯ ಮಾತು. ನಮಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅಲ್ಲಿಯ ಪಂಡಿತರೊಬ್ಬರಿಗೆ ಔಷಧ ತಯಾರಿಸಲು ಒಬ್ಬರು ಬೇಕಾಗಿದ್ದರು. "ನೀನೇ ಒಣಗಿಸಿದ ಸೊಪ್ಪು ತಗೊಂಡು ಬಾ, ಕಷಾಯ ಇಳಿಸಿ ನೋಡಣ" ಎಂದು ತಾತನಿಗೆ ಹೇಳಿದ್ದರು. ತಾತ ಗುಡ್ಡದಿಂದ ಸಕ್ಕರೆ ಕಾಯಿಲೆಗೆ ಕೊಡುವ ಮಧುನಾಶಿನಿ ಎಲೆ ತಂದು, ಬಿಸಿಲು ತಾಕಿಸದೆ ಅಟ್ಟದ ಮೇಲೆ ಹರಡಿ, ದಿನವೂ ಮಗುಚಿ ಒಣಗಿಸಿದರು. ಹಿಡಿದರೆ ಹಪ್ಪಳದಂತೆ ಮುರಿಯುತ್ತಿತ್ತು, ಹಸಿರು ಮಾತ್ರ ಹೋಗಿರಲಿಲ್ಲ.

ಗೌರಿಬಿದನೂರಿನಿಂದ ಬೆಳಗಿನ ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದು, ಇಡ್ಲಿ ತಿಂದು, ಸಣ್ಣ ರೈಲು ಹತ್ತಿದೆವು. ಎದುರಿಗೆ ಕೂತಿದ್ದ ಮುದುಕಿಗೆ ತಾತ ಒಂದೆಲೆ ಅಗಿಯಲು ಕೊಟ್ಟು, ಆಮೇಲೆ ಬೆಲ್ಲ ಕೊಟ್ಟರು. ಆ ಎಲೆ ಅಗಿದ ನಾಲಿಗೆಗೆ ಸಿಹಿ ತಿಳಿಯುವುದಿಲ್ಲ.

"ಥೂ ಕಳ್ಳ, ಮಣ್ಣು ತಿನ್ನಿಸ್ತೀಯೇನೋ!" ಎಂದು ಆಕೆ ಬೈದಾಗ ಡಬ್ಬಿಯವರೆಲ್ಲ ನಕ್ಕರು. ತಾತನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಶಿಡ್ಲಘಟ್ಟದಲ್ಲಿ ಇಳಿದು ತಾತನ ಅಕ್ಕನ ಮನೆಗೆ ಹೋದೆವು. ಅವರದು ರೇಷ್ಮೆ ಹುಳ ಸಾಕುವ ಮನೆ. ಹುಳಗಳು ಹಗಲೂ ರಾತ್ರಿ ಸೊಪ್ಪು ತಿನ್ನುತ್ತಿದ್ದ ಸಮಯ. ಕೈ ಸಾಲದೆಂದು ಅಕ್ಕ ನಮ್ಮನ್ನು ಎರಡು ದಿನ ನಿಲ್ಲಿಸಿಕೊಂಡರು. ಹೊರಡುವಾಗ ತಾತ ಎಲೆಯ ಮೂಟೆ ಕೇಳಿದರು.

"ಸೊಪ್ಪಿನ ಕೋಣೇಲಿದೆ ಕಣೋ. ಪಾಪ, ಎಲ್ಲಾ ಬಾಡಿ ಗರಿಗರಿ ಅಂತಿತ್ತು. ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸಿದ್ದೀನಿ. ನಮ್ಮ ಹಿಪ್ಪುನೇರಳೆ ಸೊಪ್ಪನ್ನೂ ಇಷ್ಟು ಚೆನ್ನಾಗಿ ನೋಡ್ಕೊಂಡಿಲ್ಲಪ್ಪ!"

ಬಾಡಿದ ಸೊಪ್ಪನ್ನು ಹುಳ ಮುಟ್ಟುವುದಿಲ್ಲ. ಅಕ್ಕನಿಗೆ ಸೊಪ್ಪು ಕಾಪಾಡುವುದೆಂದರೆ ಹಸಿಯಾಗಿಡುವುದೇ. ತಾತ ಮೂಟೆಯೊಳಗೆ ಕೈ ಹಾಕಿದರು. ಎಲೆ ಒಳಗೇ ಬಿಸಿಯಾಗಿ ಮುಗ್ಗಲು ವಾಸನೆ ಬರುತ್ತಿತ್ತು. "ಒಳ್ಳೇದು ಮಾಡ್ದೆ ಅಕ್ಕಾ" ಎಂದಷ್ಟೇ ಹೇಳಿದರು.

ಆದರೂ ಚಿಂತಾಮಣಿಗೆ ಹೋದೆವು. ಒಣಗಿರುವ ಎಲೆ ಸ್ವಲ್ಪವಾದರೂ ಸಿಕ್ಕೀತೆಂದು ತಾತ ರೈಲಿನಲ್ಲಿ ದಾರಿಯುದ್ದಕ್ಕೂ ಆರಿಸುತ್ತಿದ್ದರು. ಪಂಡಿತರು ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದರು.

"ಅಯ್ಯೋ ನಾಯನಾ, ಬೂಷ್ಟು ಹಿಡಿದೈತೆ. ಇದನ್ನ ಕುದಿಸಿ ರೋಗಿಗೆ ಹೆಂಗಪ್ಪ ಕೊಡ್ಲಿ?"

ನಡೆದದ್ದನ್ನು ಹೇಳಿದರೆ ಅಕ್ಕನ ಹೆಸರು ಬರುತ್ತಿತ್ತು. "ನನಗಿನ್ನೂ ಕೈ ಪಳಗಿಲ್ಲ ಸ್ವಾಮಿ" ಎಂದರು ತಾತ.

ಒಳಗೆ ದೊಡ್ಡ ಹಂಡೆಯಲ್ಲಿ ಕಷಾಯ ಕುದಿದು ಕಾಲುಭಾಗಕ್ಕೆ ಇಳಿಯುತ್ತಿತ್ತು. ಮೆಟ್ಟಿಲಿಳಿಯುವಾಗ ತಾತ ಅದನ್ನೇ ತಿರುಗಿ ನೋಡಿದರು. ಊರಿಗೆ ಬಂದವರು ಅಕ್ಕಿ ಗಿರಣಿಗೆ ಸೇರಿದರು. ಮತ್ತೆ ಗುಡ್ಡ ಹತ್ತಲಿಲ್ಲ. ಅಕ್ಕನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅವರ ಕೈ ಚೆನ್ನಾಗಿ ಪಳಗಿತ್ತು ಮಕ್ಕಳೇ. ಅದನ್ನು ಕಂಡವಳು ಈಗ ನಾನೊಬ್ಬಳೇ ಉಳಿದಿದ್ದೇನೆ. ಈ ಹಾಳೆಗಳನ್ನು ಕಳೆಯದೆ ಇಟ್ಟುಕೊಳ್ಳಿ.